ಪಾರ್ಕಿನ ಮೂಲೆಯ ಕಪಿಲೆ ಬಾವಿ ಮತ್ತು ನಮ್ಮ ಬಡಾವಣೆಯ ಸಂಘ: ಕೆಲಸದ ದಾಖಲೆ

ಕೆಆರ್‌ಎಸ್ 124.80 ಅಡಿ ಭರ್ತಿಯಾದ ಸುದ್ದಿ ಪತ್ರಿಕೆಯ ಮುಖಪುಟದಲ್ಲಿ ಬಂದ ದಿನವೂ ನಮ್ಮ ನಲ್ಲಿಯಲ್ಲಿ ಬರುವುದು ಕೊಳವೆಬಾವಿಯ ನೀರೇ. ಮೈಸೂರಿನ ಹೊರವಲಯದ ಖಾಸಗಿ ಬಡಾವಣೆಗಳಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಂಡುವಾಡಿ ಯೋಜನೆ ಮುಗಿದರೆ ಕಾವೇರಿ ಬರುತ್ತಾಳೆ ಎಂಬ ಭರವಸೆಯ ಮೇಲೆ ಮನೆ ಕಟ್ಟಿಕೊಂಡವರು ನಾವು. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಮರುವರ್ಷದ ಬೇಸಿಗೆಗೆ ನಮ್ಮ ಬಡಾವಣೆಯ ಎರಡು ಕೊಳವೆಬಾವಿಗಳಲ್ಲಿ ಒಂದು ಪೂರ್ತಿ ಬತ್ತಿತು. ಇನ್ನೊಂದು ಅರ್ಧ ಗಂಟೆ ನೀರು ಕೊಟ್ಟು ಎರಡು ಗಂಟೆ ಸುಮ್ಮನಿರುತ್ತಿತ್ತು. ಟ್ಯಾಂಕರ್ ಬಂದರೆ ಬೀದಿಯ ಮೊದಲ ನಾಲ್ಕು ಮನೆಯವರ ಸಂಪು ತುಂಬುವಷ್ಟರಲ್ಲಿ ಖಾಲಿ. ಈ ಸಂಘ ಹುಟ್ಟಿದ್ದು ಆ ಬೇಸಿಗೆಯಲ್ಲಿ. ಸುತ್ತಮುತ್ತಲ ಬಡಾವಣೆಯವರು ನಮ್ಮಲ್ಲಿಯೂ ಹೀಗೆ ಮಾಡಬೇಕು, ಎಲ್ಲಿಂದ ಶುರುಮಾಡಲಿ ಎಂದು ಕೇಳುತ್ತಿದ್ದಾರೆ. ಹಾಗಾಗಿ ಏನನ್ನು, ಯಾವ ಕ್ರಮದಲ್ಲಿ, ಯಾಕೆ ಮಾಡಿದೆವು ಎಂಬುದನ್ನು ಬರೆದಿಡುತ್ತಿದ್ದೇನೆ.

ಮೊದಲು ಮನೆಭೇಟಿ, ಆಮೇಲೆ ಸಭೆ

ಸಭೆ ಕರೆದರೆ ಬರುವವರು ಯಾವಾಗಲೂ ಅದೇ ಹತ್ತು ಹದಿನೈದು ಮಂದಿ. ನಿವೃತ್ತರು, ಬಿಡುವಿರುವವರು, ಮಾತು ಬಲ್ಲವರು. ನೀರಿನ ತಾಪತ್ರಯ ಹೆಚ್ಚು ತಟ್ಟುವುದು ಬೆಳಿಗ್ಗೆ ಏಳಕ್ಕೆಲ್ಲ ಕೆಲಸಕ್ಕೆ ಹೊರಡುವವರಿಗೆ, ಮನೆಯ ಹಿಂಬದಿಯ ಒಂದು ಕೋಣೆಯಲ್ಲಿ ಬಾಡಿಗೆಗಿರುವವರಿಗೆ, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರಿಗೆ. ಅವರು ಸಭೆಗೆ ಬರಲಾರರು. ಆದ್ದರಿಂದ ನಾವೇ ಇಬ್ಬಿಬ್ಬರಂತೆ ಮನೆಮನೆಗೆ ಹೋದೆವು. ಕೈಯಲ್ಲಿ ಒಂದೇ ಹಾಳೆ. ಸಂಪು ಎಷ್ಟು ಲೀಟರಿನದು? ತಾರಸಿಯ ಮಳೆನೀರು ಎಲ್ಲಿಗೆ ಹೋಗುತ್ತದೆ? ಶೌಚಗುಂಡಿ ನಿವೇಶನದ ಯಾವ ಮೂಲೆಯಲ್ಲಿದೆ? ತುರ್ತಿನಲ್ಲಿ ಸಹಾಯ ಬೇಕಾಗುವವರು ಮನೆಯಲ್ಲಿ ಇದ್ದಾರೆಯೇ? ಕೊನೆಯ ಪ್ರಶ್ನೆ: ನಿಮಗೆ ಚೆನ್ನಾಗಿ ಮಾಡಲು ಬರುವ ಕೆಲಸ ಯಾವುದು?

ಈ ಕೊನೆಯ ಪ್ರಶ್ನೆಗೆ ಜನ ಮೊದಲು ನಾಚಿಕೊಳ್ಳುತ್ತಾರೆ, ಆಮೇಲೆ ಮನಸ್ಸು ಬಿಚ್ಚುತ್ತಾರೆ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು ಎರಡನೇ ಅಡ್ಡರಸ್ತೆಯಲ್ಲಿ ಇದ್ದಾರೆಂದು ಮೂರನೇ ಅಡ್ಡರಸ್ತೆಯವರಿಗೆ ಗೊತ್ತಿರಲಿಲ್ಲ. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಒಬ್ಬರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಶುಶ್ರೂಷಕಿ, ಬಾಡಿಗೆ ಕೋಣೆಯಲ್ಲಿದ್ದ ಪ್ಲಂಬರ್ ಹುಡುಗ, ನಾಲ್ಕು ಹಸು ಕಟ್ಟಿ ಬೆಳೆದ ಹಾಸನದ ಕಡೆಯ ತಾಯಿ, ಇವರೆಲ್ಲ ಆ ಹಾಳೆಗಳಿಂದಲೇ ಹೊರಬಂದವರು. ಇವತ್ತು ಸಂಘ ನಿಂತಿರುವುದು ಇವರ ಮೇಲೆ. ಹೊಸದಾಗಿ ಶುರುಮಾಡುವವರಿಗೆ ನನ್ನ ಮೊದಲ ಮಾತು ಇದು: ಸದಸ್ಯತ್ವದ ರಸೀದಿ ಪುಸ್ತಕ ಅಚ್ಚು ಹಾಕಿಸುವ ಮುನ್ನ ಈ ಹಾಳೆಗಳನ್ನು ತುಂಬಿಸಿರಿ.

ಬಡಾವಣೆಗೆ ಅಂಟಿಕೊಂಡೇ ಒಂದು ಹಳ್ಳಿಯಿದೆ. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವ, ಗುಡಿಸಿ ಸಾರಿಸುವ ಹೆಂಗಸರು ಅಲ್ಲಿಂದಲೇ ಬರುತ್ತಾರೆ. ಅಲ್ಲಿಗೂ ಹೋಗಬೇಕೆಂದು ಕೆಲವರು ಹಟ ಹಿಡಿದೆವು, ಹೋದೆವು. ಬಡಾವಣೆಯಾಗುವ ಮೊದಲು ಈ ನೆಲವನ್ನು ಉತ್ತಿದ್ದ ಮನೆತನದ ಅಜ್ಜಿಯೊಬ್ಬರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನೀರಿನ ವಿಷಯ ಬಂದಾಗ ಅವರು ಕೇಳಿದರು, "ನಿಮ್ಮ ಪಾರ್ಕಿನ ಮೂಲೆಯಲ್ಲಿ ಚಪ್ಪಡಿ ಮುಚ್ಚಿದ್ದೀರಲ್ಲ, ಅದು ನಮ್ಮ ಕಪಿಲೆ ಬಾವಿ ಕಣವ್ವ. ಅದು ಬತ್ತಿದ್ದನ್ನು ನಾನು ಕಂಡಿಲ್ಲ. ಕಪಿಲೆ ನಿಂತ ಮೇಲೂ ಊರಿನವರೆಲ್ಲ ಅಲ್ಲಿಂದಲೇ ಸೇದುತ್ತಿದ್ದೆವು. ಗೇಟು ಹಾಕಿದಿರಿ, ನಾವು ಬರುವುದು ನಿಂತಿತು. ತೆಗೆದು ನೋಡಿದ್ದೀರಾ?"

ಯಾರೂ ನೋಡಿರಲಿಲ್ಲ. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತಿದ್ದಂತೆ ಚರ್ಮದ ಬಾನೆ ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತಿದ್ದ ಕಾಲದ ಬಾವಿ ಅದು. ನಮಗೆ ಅದು ತೆಂಗಿನ ಗರಿ, ಗಣಪತಿಯ ಹಾರ, ಒಡೆದ ಕುಂಡ ಹಾಕುವ ಮೂಲೆಯಾಗಿತ್ತು.

ಸಭೆಯಲ್ಲಿ ತೀರ್ಮಾನವಾದದ್ದು

ಒಂದು ಭಾನುವಾರ ಪಾರ್ಕಿನ ಹೊಂಗೆಯ ಮರದ ಕೆಳಗೆ ಸೇರಿದೆವು. ಗೊಬ್ಬರ, ಸೌರವಿದ್ಯುತ್, ಕೈತೋಟ, ಪ್ಲಾಸ್ಟಿಕ್ ನಿಷೇಧ, ಎಲ್ಲವೂ ಮಾತಿಗೆ ಬಂದವು. ಎಲ್ಲ ಒಳ್ಳೆಯವೇ. ಆದರೆ ಮನೆಹಾಳೆಗಳನ್ನು ಎದುರಿಗೆ ಹರವಿಕೊಂಡಾಗ ಎಲ್ಲ ಮನೆಗೂ ದಿನವೂ ತಟ್ಟುವ ವಿಷಯ ನೀರೊಂದೇ ಎಂಬುದು ಕಣ್ಣಿಗೆ ಹೊಡೆಯುವಂತಿತ್ತು. ಮೊದಲ ವರ್ಷ ಬಾವಿ ಮತ್ತು ತಾರಸಿ ನೀರು, ಉಳಿದದ್ದಕ್ಕೆ ಆಸೆಯಿದ್ದವರು ಚಿಕ್ಕದಾಗಿ ಶುರುಮಾಡಲಿ ಎಂದು ಒಪ್ಪಿದೆವು.

ಅಂದೇ ಒಂದು ನಿಯಮ ಮಾಡಿಕೊಂಡೆವು, ಅದನ್ನು ಇವತ್ತಿನವರೆಗೂ ಸಡಿಲಿಸಿಲ್ಲ. ಯಾವ ಕೆಲಸಕ್ಕೂ ಎರಡು ಹೆಸರು ಬೇಕು, ಆ ಎರಡು ಹೆಸರು ಒಂದೇ ಮನೆಯವಾಗಿರಬಾರದು. ಎರಡು ಹೆಸರು ಸಿಗದ ಕೆಲಸವನ್ನು ಕೈಗೆತ್ತಿಕೊಳ್ಳುವಂತಿಲ್ಲ, ಅದು ಎಷ್ಟೇ ಒಳ್ಳೆಯದಿರಲಿ. ಇಬ್ಬರೂ ತಮ್ಮ ಕೆಲಸವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು: ಯಾವ ವಾಲ್ವ್ ಎಡಕ್ಕೆ ತಿರುಗಿಸಬೇಕು, ಫಿಲ್ಟರ್ ಮರಳು ಎಲ್ಲಿಂದ ತಂದದ್ದು, ಮೋಟಾರ್ ರಿಪೇರಿಯವರ ನಂಬರ್ ಯಾವುದು. ಒಬ್ಬರಿಗೆ ವರ್ಗವಾದರೆ, ಮನೆಯಲ್ಲಿ ಕಾಯಿಲೆಯಾದರೆ, ಮಗಳ ಬಾಣಂತನಕ್ಕೆ ಹೋಗಬೇಕಾಗಿ ಬಂದರೆ ಕೆಲಸ ನಿಲ್ಲಬಾರದು. ಉತ್ಸಾಹವಿರುವ ಒಬ್ಬರ ಹೆಗಲ ಮೇಲೆ ಎಲ್ಲವನ್ನೂ ಹೊರಿಸಿ ಉಳಿದವರು ಚಪ್ಪಾಳೆ ಹೊಡೆಯುವ ಸಂಘಗಳನ್ನು ಬೇಕಾದಷ್ಟು ನೋಡಿದ್ದೇವೆ. ಆ ಒಬ್ಬರು ದಣಿದ ದಿನ ಸಂಘವೂ ಮುಗಿಯುತ್ತದೆ.

ಪಾರ್ಕು ಸಾರ್ವಜನಿಕ ಜಾಗ. ನಮ್ಮದೆಂದುಕೊಂಡು ಅಲ್ಲಿ ಗುದ್ದಲಿ ಹಾಕುವಂತಿಲ್ಲ. ಸ್ಥಳೀಯ ಸಂಸ್ಥೆಗೆ ಅರ್ಜಿ ಬರೆದು, ಬಾವಿಯ ಚಿತ್ರ, ಜಾಗದ ನಕ್ಷೆ, ಮನೆಯವರ ಸಹಿ ಲಗತ್ತಿಸಿ, ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡೆವು. ಆ ಮೊಹರು ಬಿದ್ದ ಪ್ರತಿಯನ್ನು ಜೋಪಾನ ಮಾಡಿರಿ. ಅಧಿಕಾರಿಗಳು ಬದಲಾಗುತ್ತಾರೆ, ಮುಂದಿನವರು ಕೇಳುವುದು ಅದನ್ನೇ.

ಬಾವಿಗೆ ಇಳಿಯುವ ಮುನ್ನ

ಕೊಳವೆಬಾವಿ ಬತ್ತಿರುವಾಗ ತೆರೆದ ಬಾವಿಯಲ್ಲಿ ನೀರಿರುತ್ತದೆಯೇ ಎಂದು ಬಹಳ ಮಂದಿ ಅನುಮಾನಪಟ್ಟರು. ಇರಬಹುದು. ನಮ್ಮ ಕಡೆಯ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿ ಬಂಡೆ. ಅದರ ಮೇಲೆ ಮಣ್ಣು, ಆಮೇಲೆ ಕಳಿತು ಪುಡಿಯಾದ ಕಲ್ಲಿನ ಪದರ. ಮಳೆನೀರು ಇಂಗಿ ಮೊದಲು ತಂಗುವುದು ಈ ಮೇಲಿನ ಪದರದಲ್ಲಿ. ಕೊಳವೆಬಾವಿ ಕೊರೆಯುವಾಗ ಮಣ್ಣು ಕುಸಿಯದಿರಲಿ ಎಂದು ಈ ಪದರದುದ್ದಕ್ಕೂ ಕೇಸಿಂಗ್ ಕೊಳವೆ ಇಳಿಸಿ, ಕೆಳಗಿನ ಬಂಡೆಯ ಬಿರುಕುಗಳಿಂದ ನೀರೆತ್ತುತ್ತಾರೆ. ತೆರೆದ ಬಾವಿ ಈ ಮೇಲಿನ ಪದರದ ಒರತೆಯನ್ನೇ ಕುಡಿಯುತ್ತದೆ. ಒಳ್ಳೆಯ ಒಂದೆರಡು ಮಳೆಯಾದರೆ ಅದಕ್ಕೆ ಬೇಗ ಜೀವ ಬರುತ್ತದೆ. ಸುತ್ತಲೂ ಕೊಳವೆಬಾವಿ ಹೆಚ್ಚಾದರೆ ಬಿರುಕುಗಳ ಮೂಲಕ ಮೇಲಿನ ನೀರೂ ಕೆಳಕ್ಕೆ ಸೋರಿ ಬಾವಿ ಸೊರಗುತ್ತದೆ ಎಂಬುದೂ ನಿಜವೇ. ಎರಡೂ ಒಂದೇ ನೆಲದ ನೀರು.

ಹೂಳೆತ್ತುವುದಕ್ಕೆ ಬಾವಿ ತೋಡುವುದನ್ನೇ ಕುಲಕಸುಬು ಮಾಡಿಕೊಂಡ ಭೋವಿ ಸಮುದಾಯದ ತಂಡವನ್ನು ಕರೆಸಿದೆವು. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳಿಗೆ ಜೀವ ಕೊಟ್ಟದ್ದೂ ಈ ಸಮುದಾಯದ ಕೈಗಳೇ. ತಂಡದ ಹಿರಿಯರು ಬಂದವರೇ ಚಪ್ಪಡಿ ಸರಿಸಿ, ಕಲ್ಲೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಸದ್ದು ಕೇಳಿ, "ನೀರಿದೆ ಸ್ವಾಮಿ, ಮೇಲೆ ಕಸ ಕೂತಿದೆ" ಎಂದರು.

ಇಲ್ಲಿ ಸುರಕ್ಷತೆಯ ಮಾತನ್ನು ಸ್ವಲ್ಪ ವಿಸ್ತರಿಸಿಯೇ ಹೇಳುತ್ತೇನೆ. ವರ್ಷಗಟ್ಟಲೆ ಮುಚ್ಚಿದ ಬಾವಿಯಲ್ಲಿ ಕೊಳೆತ ಕಸ ಆಮ್ಲಜನಕವನ್ನು ತಿಂದುಹಾಕಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಇತರ ವಿಷಾನಿಲವೂ ಇರಬಹುದು. ಹಿಂದಿನವರು ದೀಪ ಇಳಿಬಿಟ್ಟು ಆರುತ್ತದೆಯೇ ಎಂದು ನೋಡುತ್ತಿದ್ದರು. ದೀಪ ಆಮ್ಲಜನಕದ ಕೊರತೆಯನ್ನಷ್ಟೇ ತೋರಿಸುತ್ತದೆ, ವಿಷಾನಿಲವನ್ನು ತೋರಿಸುವುದಿಲ್ಲ, ಉರಿಯುವ ಅನಿಲವಿದ್ದರಂತೂ ಅಪಾಯವೇ ಹೆಚ್ಚು. ಆದ್ದರಿಂದ ಅನಿಲಮಾಪಕವನ್ನು ಬಾಡಿಗೆಗೆ ತಂದೆವು. ಆಮ್ಲಜನಕ ಶೇ 19.5ಕ್ಕಿಂತ ಕಡಿಮೆಯಿದ್ದರೆ ಯಾರೂ ಇಳಿಯುವಂತಿಲ್ಲ. ಚಪ್ಪಡಿ ತೆಗೆದು, ಬ್ಲೋವರಿನ ಕೊಳವೆಯನ್ನು ತಳದವರೆಗೆ ಬಿಟ್ಟು ಗಾಳಿ ಊದಿಸಿ, ಮಾಪಕವನ್ನು ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಹಿಡಿದು ನೋಡಿದ ಮೇಲೆಯೇ ಮೊದಲ ಮನುಷ್ಯ ಇಳಿದದ್ದು. ಇಳಿದವರ ಸೊಂಟ ಹೆಗಲಿಗೆ ಪಟ್ಟಿ, ಅದರ ಹಗ್ಗ ಮೇಲಿದ್ದ ಇಬ್ಬರ ಕೈಯಲ್ಲಿ. ಕೆಲಸ ನಡೆಯುವಷ್ಟು ಹೊತ್ತೂ ಬ್ಲೋವರ್ ನಿಲ್ಲಿಸಲಿಲ್ಲ. ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಬೇಡಿರಿ, ಬಾಯಿಗೆ ಹತ್ತಿರವೂ ಇಡಬೇಡಿರಿ. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ವಿದ್ಯುತ್ ಸಬ್‌ಮರ್ಸಿಬಲ್ ಬಳಸಿದೆವು, ಮೋಟಾರ್ ಓಡುವಾಗ ಒಳಗೆ ಒಬ್ಬರೂ ಇರಲಿಲ್ಲ. ಒಬ್ಬರು ಕುಸಿದರೆಂದು ಇನ್ನೊಬ್ಬರು ಧುಮುಕಿ ಇಬ್ಬರೂ ಸತ್ತ ಸುದ್ದಿಯನ್ನು ನಾವು ವರ್ಷವೂ ಓದುತ್ತೇವೆ. ಬಾವಿ ಕೆಲಸಕ್ಕೆ ಹಣ ಸಾಲದಿದ್ದರೆ ಒಂದು ತಿಂಗಳು ಮುಂದೂಡಿರಿ, ಮಾಪಕ ಮತ್ತು ಬ್ಲೋವರಿನ ಬಾಡಿಗೆಯನ್ನು ಉಳಿಸಲು ಹೋಗಬೇಡಿರಿ.

ಕಸ ತೆಗೆದ ಮೇಲೆ ಕಪ್ಪು ಹೂಳು, ಅದರ ಕೆಳಗೆ ಬೂದುಬಣ್ಣದ ಕೆಸರು, ಕೊನೆಗೆ ಗರಸು. ಗರಸು ಕಂಡ ಜಾಗದಲ್ಲಿ ಬಡಗಣ ಗೋಡೆಯ ಕಲ್ಲುಸಂದಿನಿಂದ ಬೆರಳಗಲ ನೀರು ಜಿನುಗತೊಡಗಿತು. ಬಾವಿಯ ಗೋಡೆಯ ಕಲ್ಲುಗಳನ್ನು ಗಾರೆಯಿಲ್ಲದೆ ಒಣಕಟ್ಟಿನಲ್ಲಿ ಜೋಡಿಸಿದ್ದರು. ಮೇಸ್ತ್ರಿಯೊಬ್ಬರು ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ ಅಂದಗೊಳಿಸೋಣವೆಂದಾಗ ತಂಡದ ಹಿರಿಯರು ಕೈ ಅಡ್ಡ ಹಿಡಿದರು. ಆ ಸಂದುಗಳೇ ಒರತೆಯ ದಾರಿ. ಸಡಿಲಗೊಂಡ ಕಲ್ಲುಗಳನ್ನಷ್ಟೇ ಬಿಗಿ ಮಾಡಿದೆವು. ಮೇಲಿನ ಎರಡು ವರಸೆಗೆ ಮಾತ್ರ ಸಿಮೆಂಟು ಹಾಕಿ, ಅದರ ಮೇಲೆ ಎದೆಮಟ್ಟದ ಕಟ್ಟೆ ಎಬ್ಬಿಸಿ, ಬಾಯಿಗೆ ಕಬ್ಬಿಣದ ಜಾಲರಿ ಕೂರಿಸಿದೆವು. ಕಟ್ಟೆಯ ಸುತ್ತ ಇಳಿಜಾರಾದ ಕಾಂಕ್ರೀಟ್ ಹಾಸು ಮಾಡಿದ್ದರಿಂದ ಚೆಲ್ಲಿದ ನೀರು ಮತ್ತೆ ಬಾವಿಗೆ ಇಳಿಯುವುದಿಲ್ಲ.

ನೀರು ಕುಡಿಯಲು ಯೋಗ್ಯವೇ?

ಇಲ್ಲ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನೀರು ತಿಳಿಯಾದ ಮೇಲೆ ಸಣ್ಣ ಸೀಸೆಯ ಪರೀಕ್ಷೆ ಮಾಡಿದೆವು. ಒಳಗೆ ಔಷಧ ಸವರಿದ ಕಾಗದದ ಪಟ್ಟಿಯಿರುವ ಆ ಸೀಸೆಗೆ ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಡಬೇಕು. ಮಲಮೂಲದ ಬ್ಯಾಕ್ಟೀರಿಯಾ ಇದ್ದರೆ ಒಂದೆರಡು ದಿನದಲ್ಲಿ ನೀರು ಕಪ್ಪಗಾಗುತ್ತದೆ. ನಮ್ಮದು ಮರುದಿನವೇ ಕಪ್ಪಾಯಿತು. ಪ್ರಯೋಗಾಲಯಕ್ಕೆ ಕಳಿಸಿದ ಮಾದರಿಯಲ್ಲಿ ನೈಟ್ರೇಟ್ ಕೂಡ ಲೀಟರಿಗೆ 45 ಮಿಲಿಗ್ರಾಂ ಮಿತಿಯ ಮೇಲಿತ್ತು. ಮನೆಹಾಳೆಗಳಲ್ಲಿ ಬರೆದುಕೊಂಡಿದ್ದ ಶೌಚಗುಂಡಿಗಳನ್ನು ನಕ್ಷೆಯ ಮೇಲೆ ಗುರುತು ಮಾಡಿದಾಗ ಕಾರಣ ಹೊಳೆಯಿತು. ಬಾವಿಗೂ ಶೌಚಗುಂಡಿಗೂ ಕನಿಷ್ಠ 15 ಮೀಟರ್ ಅಂತರ ಬೇಕು. ಪಾರ್ಕಿಗೆ ಬೆನ್ನು ಮಾಡಿದ ಸಾಲಿನ ಕೆಲವು ಮನೆಗಳ ಗುಂಡಿಗಳು ಅಷ್ಟು ದೂರದಲ್ಲಿರಲಿಲ್ಲ. ಬ್ಯಾಕ್ಟೀರಿಯಾವನ್ನು ಕ್ಲೋರಿನ್ ಕೊಲ್ಲಬಹುದು. ನೈಟ್ರೇಟ್ ಕ್ಲೋರಿನ್‌ಗೂ ಜಗ್ಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಹಸುಗೂಸುಗಳಿಗೆ ಅದು ವಿಶೇಷವಾಗಿ ಕೆಟ್ಟದ್ದು.

ಆದ್ದರಿಂದ ಕಟ್ಟೆಯ ಮೇಲೆ ಕೆಂಪಕ್ಷರದಲ್ಲಿ ಬರೆಸಿದೆವು: "ಈ ನೀರು ಬಳಕೆಗೆ ಮಾತ್ರ. ಕುಡಿಯಲು, ಅಡುಗೆಗೆ ಬೇಡ." ಬಟ್ಟೆ, ಪಾತ್ರೆ, ನೆಲ, ಶೌಚಾಲಯ, ಗಿಡ, ಇವಿಷ್ಟಕ್ಕೇ ಮನೆಯ ನೀರಿನ ಬಹುಪಾಲು ಖರ್ಚಾಗುತ್ತದೆ. ಅಷ್ಟನ್ನು ಬಾವಿ ಹೊತ್ತುಕೊಂಡರೆ ಉಳಿದಿರುವ ಕೊಳವೆಬಾವಿಗೆ ಉಸಿರಾಡಲು ಸಮಯ ಸಿಗುತ್ತದೆ.

ಪಾತ್ರೆ ತೊಳೆಯುವ ನೀರಾದ್ದರಿಂದ ಬ್ಲೀಚಿಂಗ್ ಪುಡಿ ಹಾಕುವುದನ್ನು ಬಿಡಲಿಲ್ಲ. ಲೆಕ್ಕ ಸುಲಭ. ನಮ್ಮ ಬಾವಿ ಚೌಕ, ಒಂದೊಂದು ಬದಿ 4 ಮೀಟರ್. ನೀರು 3 ಮೀಟರ್ ಆಳ ನಿಂತಿದ್ದರೆ 4 × 4 × 3, ಅಂದರೆ 48 ಘನ ಮೀಟರ್, 48,000 ಲೀಟರ್. ಸಾಮಾನ್ಯ ನೀರಿಗೆ ಪ್ರತಿ ಸಾವಿರ ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ 2.5 ಗ್ರಾಂ, ಹಾಗಾಗಿ 120 ಗ್ರಾಂ. ಪುಡಿಯನ್ನು ನೇರವಾಗಿ ಎರಚಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಮೊದಲು ಗಂಟಿಲ್ಲದಂತೆ ಕಲಸಿ, ಬಕೆಟ್ ಮುಕ್ಕಾಲು ತುಂಬುವಷ್ಟು ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಬಾವಿಯ ನೀರಿನೊಳಕ್ಕೆ ಇಳಿಸಿ ಹಗ್ಗವನ್ನು ಮೇಲೆ ಕೆಳಗೆ ಎಳೆದಾಡಿದರೆ ಚೆನ್ನಾಗಿ ಬೆರೆಯುತ್ತದೆ. ಒಂದು ಗಂಟೆ ಯಾರೂ ಸೇದಬಾರದು. ಆಮೇಲೆ ಪರೀಕ್ಷೆಯಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಸರಿ. ಪುಡಿಯ ಡಬ್ಬ ಗಾಳಿಯಾಡಿದರೆ ಸತ್ವ ಕಳೆದುಕೊಳ್ಳುತ್ತದೆ, ಚಿಕ್ಕ ಡಬ್ಬಗಳನ್ನೇ ತರಿಸಿರಿ. ಈ ಕೆಲಸದ ಎರಡು ಹೆಸರು: ರಾತ್ರಿ ಪಾಳಿಯ ಶುಶ್ರೂಷಕಿ ಮತ್ತು ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ. ಇಬ್ಬರೂ ಲೋಪವಿಲ್ಲದೆ ನಡೆಸುತ್ತಿದ್ದಾರೆ.

ತಾರಸಿಯಿಂದ ಬಾವಿಗೆ

ಬಾವಿಯಿಂದ ಎತ್ತುವುದಷ್ಟೇ ಆದರೆ ಅದೂ ಒಂದು ದಿನ ಬತ್ತುತ್ತದೆ. ಪಾರ್ಕಿನ ಸುತ್ತಲಿನ ಐದು ಮನೆ ಮತ್ತು ಸಮುದಾಯ ಭವನದ ತಾರಸಿ ನೀರನ್ನು ಬಾವಿಗೆ ತಿರುಗಿಸಿದೆವು. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. 90 ಚದರ ಮೀಟರಿನ ಒಂದು ತಾರಸಿಗೆ 72,000 ಲೀಟರ್ ಬೀಳುತ್ತದೆ. ಆವಿ, ಸೋರಿಕೆ, ತೊಳೆದು ಬಿಡುವ ನೀರು ಎಂದು ಐದರಲ್ಲೊಂದು ಪಾಲು ಕಳೆದರೂ ಕೈಗೆ 57,000 ಲೀಟರಿಗಿಂತ ಹೆಚ್ಚು ಸಿಗುತ್ತದೆ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದಾಗ ಸಭೆಯಲ್ಲಿ ಗುಸುಗುಸು ಎದ್ದಿತು. ಅಲ್ಲಿಯವರೆಗೆ ಅಷ್ಟೂ ನೀರು ಚರಂಡಿ ಸೇರುತ್ತಿತ್ತು. ಬೆಂಗಳೂರಿನಲ್ಲಿ 2009ರಿಂದಲೇ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ನಮಗೆ ಯಾರ ಕಡ್ಡಾಯವೂ ಬೇಕಾಗಲಿಲ್ಲ.

ಮೊದಲ ಮಳೆ ತಾರಸಿಯ ದೂಳು, ಹಕ್ಕಿ ಹಿಕ್ಕೆ, ಎಲೆ ಎಲ್ಲವನ್ನೂ ಹೊತ್ತು ತರುತ್ತದೆ. ಮೊದಲ 2 ಮಿ.ಮೀ. ನೀರನ್ನು ಹೊರಗೆ ಬಿಡಬೇಕು. 90 ಚದರ ಮೀಟರಿಗೆ ಅದು 180 ಲೀಟರ್. ಅನೇಕ ಕಡೆ ಇದಕ್ಕೆ ಗೋಡೆಗೊಂದು ಆರಿಂಚಿನ ಕೊಳವೆಯ ತುಂಡು ನಿಲ್ಲಿಸಿರುವುದನ್ನು ನೋಡಿದ್ದೇನೆ. ಆರಿಂಚಿನ ಕೊಳವೆ ಮೀಟರಿಗೆ ಹಿಡಿಯುವುದು ಸುಮಾರು 18 ಲೀಟರ್, ಮೂರು ಮೀಟರ್ ನಿಲ್ಲಿಸಿದರೂ ಅಗತ್ಯದ ಮೂರನೇ ಒಂದು ಪಾಲೂ ಆಗದು. ನಮ್ಮ ಪ್ಲಂಬರ್ ಹುಡುಗ ಇನ್ನೂರು ಲೀಟರಿನ ನೀಲಿ ಡ್ರಮ್ಮನ್ನೇ ಇಟ್ಟ. ಡ್ರಮ್ ತುಂಬಿದ ಮೇಲೆ ಮಾತ್ರ ನೀರು ಫಿಲ್ಟರಿನ ಕಡೆ ತಿರುಗುತ್ತದೆ. ತಳದಲ್ಲಿ ಸಣ್ಣ ನಲ್ಲಿಯನ್ನು ಹನಿಹನಿ ತೊಟ್ಟಿಕ್ಕುವಷ್ಟು ತೆರೆದಿಟ್ಟಿದ್ದಾನೆ, ಮುಂದಿನ ಮಳೆಯ ಹೊತ್ತಿಗೆ ಅದು ತಾನಾಗಿ ಖಾಲಿಯಾಗಿರುತ್ತದೆ, ಆ ತೊಟ್ಟು ದಾಸವಾಳದ ಬುಡಕ್ಕೆ ಬೀಳುತ್ತದೆ. ಫಿಲ್ಟರ್ ಇನ್ನೊಂದು ಡ್ರಮ್: ತಳದಲ್ಲಿ 40 ಮಿ.ಮೀ. ಜಲ್ಲಿ, ಅದರ ಮೇಲೆ 20 ಮಿ.ಮೀ. ಜಲ್ಲಿ, ಮೇಲೆ ತೊಳೆದ ದಪ್ಪ ಮರಳು, ಪದರ ಪದರಕ್ಕೂ ನಡುವೆ ನೈಲಾನ್ ಬಲೆ. ಮರಳಿನ ಮೇಲಿನ ಎರಡಿಂಚನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ತೊಳೆಯಬೇಕು.

ರಸ್ತೆಯ ನೀರನ್ನೂ ಬಾವಿಗೇ ಬಿಡೋಣವೆಂಬ ಸಲಹೆ ಬಂದಿತ್ತು. ಅದನ್ನು ಒಪ್ಪಲಿಲ್ಲ. ರಸ್ತೆ ನೀರಿನಲ್ಲಿ ಎಂಜಿನ್ ಎಣ್ಣೆ, ನಾಯಿ ದನಗಳ ಗಲೀಜು ಇರುತ್ತದೆ. ಅದಕ್ಕೆ ಬೇರೆಯೇ ಇಂಗುಬಾವಿ ಬೇಕು, ಅದರ ಮುಂದೆ ಹೂಳುತೊಟ್ಟಿ ಬೇಕು, ಅದು ಕುಡಿಯುವ ಅಥವಾ ಬಳಸುವ ಬಾವಿಯಿಂದ ದೂರದಲ್ಲಿರಬೇಕು.

ಯಾರಿಗೆ ಎಷ್ಟು ನೀರು

ನಿಜವಾದ ಕಸರತ್ತು ಇಲ್ಲಿತ್ತು. ಬಾವಿಯಲ್ಲಿ ನೀರು ಕಂಡ ವಾರವೇ ಇಬ್ಬರು ತಮ್ಮ ಮನೆಗೆ ಪೈಪ್ ಎಳೆದುಕೊಳ್ಳಲು ಬಂದರು. ಹಳ್ಳಿಯವರಿಗೆ ಗೇಟು ತೆರೆದರೆ ಭದ್ರತೆಯ ಗತಿಯೇನು ಎಂದು ಕೆಲವರು ಕೇಳಿದರು. ಸಭೆ ಬಿಸಿಯಾಯಿತು. ಕೊನೆಗೆ ಲೆಕ್ಕ ಬರೆಯುವವರು ಎದ್ದು, "ಈ ಬಾವಿಯ ವಿಷಯ ನಮಗೆ ಹೇಳಿದವರು ಯಾರು? ಅವರಿಗೇ ಗೇಟು ಹಾಕುತ್ತೀರಾ?" ಎಂದು ಕೇಳಿದ ಮೇಲೆ ಮಾತು ಹದಕ್ಕೆ ಬಂತು. ಆ ದಿನ ಒಪ್ಪಿದ ನಿಯಮಗಳು ಆಮೇಲೆ ಸಂಘದ ಬೈಲಾದೊಳಕ್ಕೆ ಹಾಗೇ ಸೇರಿದವು. ಕೊಡದಲ್ಲಿ ಸೇದಿ ಒಯ್ಯುವವರಿಗೆ ಬಡಾವಣೆ, ಹಳ್ಳಿ ಎಂಬ ಭೇದವಿಲ್ಲ, ಬೆಳಿಗ್ಗೆ ಸಂಜೆ ಗೇಟು ತೆರೆದಿರುತ್ತದೆ. ಖಾಸಗಿ ಮೋಟಾರ್ ಇಳಿಸುವಂತಿಲ್ಲ. ಟ್ಯಾಂಕರಿಗೆ ತುಂಬುವಂತಿಲ್ಲ, ಮಾರುವಂತಿಲ್ಲ. ಸಂಘದ ಒಂದು ಮೋಟಾರ್ ಸಾಮಾನ್ಯ ತೊಟ್ಟಿಗೆ ನೀರೆತ್ತುತ್ತದೆ, ಅಲ್ಲಿಂದ ಬೀದಿ ನಲ್ಲಿಗಳಿಗೆ.

ಮೋಟಾರ್ ಎಷ್ಟು ಹೊತ್ತು ಓಡಬೇಕೆಂಬುದನ್ನು ಬಾವಿಯೇ ಹೇಳುವಂತೆ ಮಾಡಿದ್ದೇವೆ. ಒಳಗೋಡೆಯ ಮೇಲೆ ಮೂರು ಪಟ್ಟಿ ಬಳಿದಿದೆ: ಹಸಿರು, ಹಳದಿ, ಕೆಂಪು. ನೀರು ಹಸಿರಿನಲ್ಲಿದ್ದರೆ ದಿನಕ್ಕೆ ಎರಡು ಗಂಟೆ, ಹಳದಿಗೆ ಇಳಿದರೆ ಒಂದೇ ಗಂಟೆ, ಕೆಂಪಿಗೆ ಬಂದರೆ ಮೋಟಾರ್ ಬಂದ್, ರಾಟೆಯಲ್ಲಿ ಸೇದುವವರಿಗೆ ಮಾತ್ರ. ಈ ಕಡೆಯ ಹಳ್ಳಿಗಳಲ್ಲಿ ಕೆರೆಯ ತೂಬು ತೆಗೆದು ಗದ್ದೆಗೆ ನೀರು ಹಂಚುತ್ತಿದ್ದವರನ್ನು ನೀರುಗಂಟಿ ಎನ್ನುತ್ತಿದ್ದರು. ಆ ಹೆಸರನ್ನೇ ಉಳಿಸಿಕೊಂಡಿದ್ದೇವೆ. ನೀರುಗಂಟಿಯ ಪಾಳಿ ತಿಂಗಳಿಗೊಮ್ಮೆ ಬದಲಾಗುತ್ತದೆ, ಯಥಾಪ್ರಕಾರ ಇಬ್ಬರು. ಮಟ್ಟ ಅಳೆದು ಬರೆಯುವುದು, ಮೋಟಾರಿನ ಬೀಗದ ಕೈ ಇಟ್ಟುಕೊಳ್ಳುವುದು ಅವರ ಕೆಲಸ. ಮಳೆಮಾಪಕದ ಜವಾಬ್ದಾರಿ ಶಾಲೆಯ ಮಕ್ಕಳದು. ಹವಾಮಾನ ಇಲಾಖೆಯಂತೆಯೇ ಬೆಳಿಗ್ಗೆ 8.30ಕ್ಕೆ ಅಳೆದು ಅದೇ ಪುಸ್ತಕದಲ್ಲಿ ಬರೆಯುತ್ತಾರೆ. ಒಂದೇ ಪುಟದಲ್ಲಿ ಮಳೆ, ನೀರಿನ ಮಟ್ಟ, ಮೋಟಾರ್ ಓಡಿದ ಹೊತ್ತು ಮೂರೂ ಇರುವುದರಿಂದ ಯಾರ ವಾದವೂ ಬೆಳೆಯುವುದಿಲ್ಲ. ಪುಸ್ತಕ ತೆರೆದರೆ ಮುಗಿಯಿತು.

ಇಷ್ಟೆಲ್ಲ ನಡೆದ ಮೇಲೆ ನೋಂದಣಿಗೆ ಹೋದೆವು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿ ಕನಿಷ್ಠ ಏಳು ಜನ ಬೇಕು. ಧ್ಯೇಯೋದ್ದೇಶ ಪತ್ರ, ಬೈಲಾ, ಸದಸ್ಯರ ಗುರುತಿನ ದಾಖಲೆ, ಕಚೇರಿ ವಿಳಾಸದ ಪುರಾವೆ ಕೊಡಬೇಕು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸಬೇಕು. ನೋಂದಣಿಯಿಲ್ಲದೆ ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯುವುದು ಕಷ್ಟ, ಒಬ್ಬರ ಸ್ವಂತ ಖಾತೆಯಲ್ಲಿ ಊರಿನ ಹಣ ಇಟ್ಟರೆ ಸ್ನೇಹಕ್ಕೇ ಸಂಚಕಾರ. ಆದರೂ ನೋಂದಣಿ ಮೊದಲು, ಕೆಲಸ ಆಮೇಲೆ ಎಂಬ ಕ್ರಮವನ್ನು ನಾನು ಸೂಚಿಸುವುದಿಲ್ಲ. ಕೆಲಸದಲ್ಲಿ ಯಾರು ನಿಲ್ಲುತ್ತಾರೆಂದು ಗೊತ್ತಾದ ಮೇಲೆ ಪದಾಧಿಕಾರಿಗಳನ್ನು ಆರಿಸುವುದು ಸುಲಭ. ಮನೆಗೆ ತಿಂಗಳಿಗೆ ನೂರು ರೂಪಾಯಿ ವಂತಿಗೆ. ಕೊಡಲಾಗದವರು ಒಂದು ಪಾಳಿ ಕೆಲಸ ಮಾಡಿದರೆ ವಂತಿಗೆ ಸಂದಾಯವಾದಂತೆ. ತಿಂಗಳ ಜಮಾ ಖರ್ಚು ಒಂದನೇ ತಾರೀಖು ಪಾರ್ಕಿನ ಫಲಕದ ಮೇಲಿರುತ್ತದೆ, ಬಲ್ಬಿನ ಬಿಲ್ಲಿನವರೆಗೆ.

ಉಳಿದ ಕೆಲಸಗಳು

ಎಲೆ ಗೊಬ್ಬರ ತಾನಾಗಿ ಬೆಳೆಯಿತು. ಬೇಸಿಗೆಯ ಆರಂಭದಲ್ಲಿ ಹೊಂಗೆ, ಮಳೆಮರಗಳ ಎಲೆ ರಾಶಿ ಬೀಳುತ್ತದೆ, ಮೊದಲು ಅದಕ್ಕೆ ಬೆಂಕಿ ಹಚ್ಚುತ್ತಿದ್ದರು. ಈಗ ಕಬ್ಬಿಣದ ಬಲೆಯ ಮೂರು ಗೂಡುಗಳಲ್ಲಿ ತುಂಬುತ್ತೇವೆ. ಒಂದು ಪಾಲು ಅಡುಗೆಮನೆಯ ಹಸಿ ಕಸಕ್ಕೆ ಎರಡು ಮೂರು ಪಾಲು ಒಣ ಎಲೆ, ನಡುನಡುವೆ ಸಗಣಿ ನೀರು. ಹಾಸನದ ತಾಯಿ ರಾಶಿಯೊಳಗೆ ಕಬ್ಬಿಣದ ಸರಳು ಚುಚ್ಚಿ ಹೊರಗೆಳೆದು ಮುಟ್ಟಿ ನೋಡುತ್ತಾರೆ. ಸರಳು ಸುಡುತ್ತಿದ್ದರೆ ರಾಶಿ ಸರಿಯಾಗಿ ಬೇಯುತ್ತಿದೆ, ತಣ್ಣಗಿದ್ದರೆ ಮಗುಚಬೇಕು.

ಬೀಜದ ಪೆಟ್ಟಿಗೆ ಚಿಕ್ಕದು. ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ಸಾವಯವ ಕೃಷಿಕರ ಬಳಗವಾದ ಸಹಜ ಸಮೃದ್ಧದವರು ನಡೆಸುವ ಮೇಳಗಳಿಂದ ತಂದ ದೇಸಿ ಬೀಜ, ಹಳ್ಳಿಯ ಮನೆಗಳಿಂದ ಬಂದ ಅವರೆ, ಹೀರೆ, ಈರನಗೆರೆ ಬದನೆ. ಒಯ್ದವರು ಬೆಳೆದು ಎರಡರಷ್ಟು ಹಿಂತಿರುಗಿಸಬೇಕೆಂಬುದೊಂದೇ ಷರತ್ತು.

ಇನ್ನು ಆಪತ್ಕಾಲದ ಪಟ್ಟಿ. ಗಾಳಿಮಳೆಗೆ ಮರ ಉರುಳಿ ವಿದ್ಯುತ್ ಹೋದರೆ ಇನ್ಸುಲಿನ್ ತಣ್ಣಗಿಡಲು ಯಾರ ಮನೆಯ ಫ್ರಿಜ್ ಇನ್ವರ್ಟರಿನಲ್ಲಿ ಓಡುತ್ತದೆ, ಆಮ್ಲಜನಕ ಯಂತ್ರದ ಮೇಲಿರುವವರ ಮನೆಗೆ ಮೊದಲು ಯಾರು ಓಡಬೇಕು, ಏಣಿ ಗರಗಸ ಎಲ್ಲಿವೆ, ರಾತ್ರಿ ಯಾರ ಕಾರು ಸಿಗುತ್ತದೆ. ವಿದ್ಯುತ್ ಸರಬರಾಜು ನಿಗಮವಾದ ಸೆಸ್ಕ್‌ನ ಸಹಾಯವಾಣಿ 1912 ದೊಡ್ಡಕ್ಷರದಲ್ಲಿದೆ. ಇದನ್ನು ಕಾಗದದಲ್ಲಿ ಅಚ್ಚು ಹಾಕಿಸಿ ಪ್ರತಿ ಮನೆಯ ಬಾಗಿಲ ಹಿಂದೆ ಅಂಟಿಸಿದ್ದೇವೆ, ವಿದ್ಯುತ್ ಹೋಗಿ ಬಹಳ ಹೊತ್ತಾದರೆ ಮೊಬೈಲ್ ಟವರುಗಳೂ ಕೈಕೊಡುತ್ತವೆ. ಖಾಸಗಿ ವಿವರ ಇರುವುದರಿಂದ ಕಾಯಿಲೆಯ ಹೆಸರು ಅದರಲ್ಲಿಲ್ಲ, "ಮೊದಲು ಇಲ್ಲಿಗೆ" ಎಂಬ ಗುರುತು ಮಾತ್ರ. ಮಳೆಯ ಮುನ್ಸೂಚನೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿಯನ್ನು ಬಳಸುತ್ತೇವೆ.

ಇನ್ನೂ ಆಗಬೇಕಾದದ್ದು ಬಹಳ ಇದೆ. ಪಾರ್ಕಿಗೆ ಬೆನ್ನು ಮಾಡಿದ ಮನೆಗಳ ಶೌಚಗುಂಡಿಗಳನ್ನು ಒಳಚರಂಡಿಗೆ ಜೋಡಿಸುವ ಅರ್ಜಿ ನಡೆಯುತ್ತಿದೆ. ಅದಾಗುವವರೆಗೆ ನೈಟ್ರೇಟ್ ಇಳಿಯದು, ಕೆಂಪಕ್ಷರದ ಫಲಕವೂ ಇಳಿಯದು. ರಸ್ತೆ ನೀರಿಗೆ ಮೂರಡಿ ಅಗಲದ ಇಂಗುಬಾವಿಯನ್ನು ಬಡಾವಣೆಯ ತಗ್ಗಿನ ತುದಿಯಲ್ಲಿ ತೋಡಲು ಭೋವಿ ತಂಡದ ಹಿರಿಯರು ಜಾಗ ನೋಡಿ ಹೋಗಿದ್ದಾರೆ, ಹಣದ ಅರ್ಧ ಕೂಡಿದೆ. ಆ ಕೆಲಸಕ್ಕೆ ಒಂದು ಹೆಸರು ಬಂದಿದೆ, ಇನ್ನೊಂದು ಬರಬೇಕು. ಅಶ್ವಿನಿ ಮಳೆಗೆ ಮುನ್ನ ತಾರಸಿಗಳನ್ನೂ ಮಳೆನೀರು ಹರಿಯುವ ದೋಣಿಗಳನ್ನೂ ಗುಡಿಸಿ, ಡ್ರಮ್ಮುಗಳ ಮರಳು ತೊಳೆದು ಮುಗಿಸಬೇಕು. ಪಾಳಿ ಪಟ್ಟಿ ಫಲಕದ ಮೇಲಿದೆ, ಈ ಸಲ ಮೂರನೇ ಅಡ್ಡರಸ್ತೆಯವರದು.